ಕಾಶೀರಾಮನ ತಗಡು

"ಇಳೀರಿ, ಎಲ್ಲಾರೂ ಇಳೀರಿ! ಗಾಡಿ ಏರವಲ್ದು!" ಅಬ್ದುಲ ಮಜೀದ ಸ್ಟೇರಿಂಗ್ ಬಿಡದೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

ಪಿಕಪ್ಪಿನ ಹಿಂದೆ ಹೂವು ಹೊದ್ದು ಮಲಗಿದ್ದ ಕಾಶೀರಾಮನೊಬ್ಬನನ್ನು ಬಿಟ್ಟು ಎಲ್ಲರೂ ಇಳಿದರು. ಭಾಲ್ಕಿ ಬಿಟ್ಟು ಐದು ಕಿಲೋಮೀಟರ್ ಕೂಡ ಆಗಿರಲಿಲ್ಲ. ಖಟಕ ಚಿಂಚೋಳಿಯಲ್ಲಿ ಚಿತೆ ಸಿದ್ಧವಾಗಿತ್ತು, ಬೌದ್ಧ ಭಿಕ್ಷು ಭಂತೇಜಿ ಬಂದು ಕಾಯುತ್ತಿದ್ದರು. ಮೂವತ್ತೈದು ವರ್ಷ ಭಾಲ್ಕಿಯ ಗ್ಯಾರೇಜಿನಲ್ಲಿ ಕೂತು ಊರವರ ಗಾಡಿಗಳನ್ನೆಲ್ಲ ಓಡಿಸಿಕೊಟ್ಟ ಮಿಸ್ತ್ರಿ ಅವನು. ಅವನನ್ನು ಹುಟ್ಟೂರಿಗೆ ಒಯ್ಯಬೇಕಾದ ಗಾಡಿಯೇ ಏರಿನಲ್ಲಿ ಹಟ ಹಿಡಿದು ನಿಂತಿತ್ತು.

ಹಿಂದೆ ಬರುತ್ತಿದ್ದ ಪಿಕಪ್ಪುಗಳೂ ನಿಂತವು. ಸಾವಿಗೆ ಬಂದವರಲ್ಲಿ ಮುಕ್ಕಾಲು ಪಾಲು ಡ್ರೈವರುಗಳು. ಕಣ್ಣೆದುರು ಗಾಡಿ ಕೆಟ್ಟಿರುವಾಗ ಅವರ ಬಾಯಿ ಸುಮ್ಮನಿದ್ದೀತೆ?

"ಡೀಜಲ್‌ನಾಗ ನೀರ್ ಸೇರ್ಯಾವ," ಎಂದ ಒವೈಸ.

"ನೂಕ್ರಿ, ನೂಕಿದ್ರ ಹೋಗ್ತದ," ಎಂದ ಇನ್ನೊಬ್ಬ.

"ಸುಮ್ಕಿರ್ರಿ ಎಲ್ಲಾರೂ. ಬೀದರಕ್ಕ ಫೋನ್ ಹಚ್ಚಿ ಮೆಕ್ಯಾನಿಕ್‌ಗ ಕರಸೋಣ," ಎಂದ ನಾಗಸೇನ. ಅವನು ಕಾಶೀರಾಮನ ತಮ್ಮ, ಔರಾದಿನಲ್ಲಿ ಶಾಲಾ ಮಾಸ್ತರ. ಬೆಳಿಗ್ಗೆ ಬಂದವನೇ ಅಣ್ಣನ ಮಗಳು ಪ್ರಣಾಲಿಗೆ ಹೇಳಿಬಿಟ್ಟಿದ್ದ: "ಗ್ಯಾರೇಜ ಇನ್ನ ಬಂದ್ ಮಾಡೋಣವ್ವಾ. ನಿನ್ನ ಕೈಯಾಗ ಯಾರ್ ಗಾಡಿ ಕೊಡ್ತಾರ?"

ಬೀದರದಲ್ಲಿ ಡಿಪ್ಲೊಮಾ ಮುಗಿಸಿ, ನಾಲ್ಕು ವರ್ಷ ಅಪ್ಪನ ಪಕ್ಕದಲ್ಲೇ ನಿಂತು ಕೈ ಕಪ್ಪು ಮಾಡಿಕೊಂಡವಳು ಪ್ರಣಾಲಿ. ಗ್ಯಾರೇಜ್ ಮುಚ್ಚಿದರೆ ತನ್ನದು ಎನ್ನುವುದು ಏನೂ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬ್ಯಾಗಿನಿಂದ, ಗಾಡಿಯ ದೋಷ ಓದಿ ಹೇಳುವ, ಬೆಂಕಿಪೊಟ್ಟಣದಷ್ಟು ಚಿಕ್ಕ ಸ್ಕ್ಯಾನರ್ ತೆಗೆದಳು. ಅದನ್ನು ಸ್ಟೇರಿಂಗ್ ಕೆಳಗೆ ಸಿಕ್ಕಿಸಿ ಮೊಬೈಲ್ ನೋಡಿದಳು. ಪರದೆಯ ಮೇಲಿನ ಸಾಲನ್ನು ಇನ್ನೊಮ್ಮೆ ಓದಿದಳು.

* * *

ತಿಂಗಳ ಹಿಂದೆ ಮಜೀದ ಈ ಹೊಸ ಮಾಡೆಲ್ ಪಿಕಪ್ ತಂದು ನಿಲ್ಲಿಸಿದಾಗ ಕಾಶೀರಾಮ ಬಾನೆಟ್ ಎತ್ತಿ, ಸೊಸೆಯ ಅಡುಗೆಮನೆ ಇಣುಕುವ ಅತ್ತೆಯ ಹಾಗೆ ನೋಡಿದ್ದ.

"ಟೈಮಿಂಗ್ ಬೆಲ್ಟ್ ಎಲ್ಲಿ ಹೋಯ್ತು?"

"ಬೆಲ್ಟ್ ಇಲ್ಲಪ್ಪಾ, ಈಗ ಚೈನ್ ಹಾಕ್ಯಾರ," ಎಂದಿದ್ದಳು ಪ್ರಣಾಲಿ.

"ಈ ವೈರಿನ ಗೊಂಚಲೇನು?"

"ಸೆನ್ಸರ್. ಹೊಗಿ ಎಷ್ಟು ಹೊರಗ ಹೋಗ್ತದ, ಎಷ್ಟು ತಿರುಗಿ ಬರ್ತದ, ಎಲ್ಲಾ ಕಂಪ್ಯೂಟರ್ ನೋಡ್ತದ."

ತಿರುಗಿ ಬರುವ ಆ ಹೊಗೆಯೇ ಕಾಶೀರಾಮನ ಹಳೆಯ ವೈರಿ. ಬಿಟ್ಟ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಇಂಜಿನ್ನಿಗೇ ಕುಡಿಸುವ ಕೊಳವೆ ಹಳೇ ಮಾಡೆಲ್ಲುಗಳಲ್ಲೂ ಇತ್ತು. ಅವನು ಆಯಿಲ್ ಡಬ್ಬಿ ಕತ್ತರಿಸಿ, ತಗಡಿನ ತುಂಡೊಂದನ್ನು ಆ ಕೊಳವೆಯ ಬಾಯಿಗೆ ಅಡ್ಡ ಇಟ್ಟು ಬೋಲ್ಟ್ ಬಿಗಿಯುತ್ತಿದ್ದ. ಗಾಡಿಯ ಎಳೆತ ಹೆಚ್ಚುತ್ತಿತ್ತು. ಭಾಲ್ಕಿಯಿಂದ ಔರಾದಿನವರೆಗೆ ಡ್ರೈವರುಗಳಿಗೆ 'ಕಾಶೀರಾಮನ ತಗಡು' ಎಂದರೆ ತಾಯತ ಇದ್ದ ಹಾಗೆ. ದೊಡ್ಡ ವರ್ಕ್‌ಶಾಪುಗಳಿಗೆ ಹೋಗಿಬಂದವರೂ ಕೊನೆಗೆ ಹಳೇ ಗಂಡನ ಪಾದವೇ ಗತಿ ಎಂದು ಅವನ ಬಾಗಿಲಿಗೇ ಬರುತ್ತಿದ್ದರು.

"ಇದಕ್ಕ ತಗಡ ಹಾಕಬ್ಯಾಡಪ್ಪಾ," ಪ್ರಣಾಲಿ ಕಡ್ಡಿ ಮುರಿದಂತೆ ಹೇಳಿದ್ದಳು. "ಹೊಗಿ ತಿರುಗಿ ಬರಲಿಲ್ಲಂದ್ರ ಕಂಪ್ಯೂಟರ್ ಇಂಜಿನ್ ಕುತ್ತಿಗಿ ಹಿಡೀತದ. ಲೋಡ್ ಇದ್ದಾಗ ಏರು ಏರಂಗಿಲ್ಲ."

"ತಾ ಉಗುಳಿದ್ದು ತಾನೇ ಕುಡಿಯೋ ಇಂಜಿನ್ ಯಾವ ಶಾಣ್ಯಾ ಮಾಡ್ದ?" ಎಂದು ಕಾಶೀರಾಮ ನಕ್ಕಿದ್ದ.

ಅವಳು ಮನೆಗೆ ಊಟಕ್ಕೆ ಹೋದ ಹೊತ್ತಿನಲ್ಲಿ ತಗಡು ಹಾಕಿಯೇ ಗಾಡಿ ಕಳಿಸಿದ್ದ. ಅದು ಅವಳಿಗೆ ತಿಳಿದದ್ದು ಇವತ್ತು, ಈ ಏರಿನಲ್ಲಿ.

* * *

"ಏನ್ ತೋರಸ್ತದ ಬೇಟಾ?" ಮಜೀದ ಕೇಳಿದ.

ಡೀಸೆಲ್ ಸರಿಯಿಲ್ಲ ಎಂದುಬಿಟ್ಟರೆ ಎಲ್ಲರೂ ನಂಬುತ್ತಿದ್ದರು. ಅಪ್ಪನ ಹೆಸರಿಗೆ ಕಲೆ ಹತ್ತುತ್ತಿರಲಿಲ್ಲ. ಆದರೆ ಬೆಳಿಗ್ಗೆಯಷ್ಟೇ ಅಪ್ಪನ ತಲೆದೆಸೆಯಲ್ಲಿ ಕೂತು ಪಂಚಶೀಲ ಹೇಳಿದ್ದಳು. ಸುಳ್ಳಾಡುವುದಿಲ್ಲ ಎನ್ನುವುದು ಅದರಲ್ಲಿ ನಾಲ್ಕನೆಯದು. ಮೇಲಾಗಿ, ಸುಳ್ಳಿಗೆ ಗಾಡಿ ಏರುವುದಿಲ್ಲ.

"ಡೀಜಲ್ ಛಲೋ ಅದ. ಅಪ್ಪ ತಗಡ ಹಾಕ್ಯಾನ. ಈ ಇಂಜಿನ್ನಿಗೆ ಅದು ನಡ್ಯಂಗಿಲ್ಲ. ಅಪ್ಪಂದೇ ತಪ್ಪು."

ಡ್ರೈವರುಗಳೆಲ್ಲ ನೆಲ ನೋಡಿದರು. ನಾಗಸೇನನ ಮುಖ ಕೆಂಪಾಯಿತು.

"ಹೆಣ ಮುಂದಿಟ್ಕೊಂಡು ಅಪ್ಪನ ಮರ್ಯಾದಿ ತೆಗೀತೀಯೇನು?"

"ಬೈಬ್ಯಾಡ್ರಿ ಮಾಸ್ತರ್ರೇ," ಮಜೀದ ನಡುವೆ ಬಂದ. "ಉಸ್ತಾದಗ ಗೊತ್ತಿತ್ತು. ಮೀಟರ್‌ನಾಗ ಲೈಟ್ ಹತ್ಯದಂತ ಮೊನ್ನಿ ಫೋನ್ ಮಾಡಿದ್ದೆ. ಅಂದ, 'ಸೋಮವಾರ ತಾ ಮಜೀದ, ಪ್ರಣಾಲಿ ತೆಗೀತಾಳ. ಇದು ಅಕಿ ಇಂಜಿನ್ನು, ನಂದಲ್ಲ.' ಇವತ್ತೇ ಸೋಮವಾರ. ಹ್ಯಾಂಗ ಹೇಳ್ಲಿ ಬೇಟಾ, ಬಾಯೇ ಬರಲಿಲ್ಲ."

ನಿನ್ನೆಯಿಂದ ಕಲ್ಲಿನಂತಿದ್ದ ಪ್ರಣಾಲಿ ಆಗ ಅತ್ತಳು. ಬಾನೆಟ್ಟಿನ ಮೇಲೆ ಕೈಯೂರಿ, ನಾಚಿಕೆಯಿಲ್ಲದೆ, ಜೋರಾಗಿ ಅತ್ತಳು. ತಾಯಿ ಕೌಸಲ್ಯಾಬಾಯಿ ಬಂದು ತನ್ನ ಸೆರಗಿನಿಂದಲೇ ಅವಳ ಮೂಗು ಒರೆಸಿದಳು.

"ಅಳೋದು ಆಮ್ಯಾಲ. ಮೊದಲ ಅವ್ರಿಗೆ ಊರು ಮುಟ್ಟಸು," ಎಂದಳು.

ಪ್ರಣಾಲಿ ಬಿಳಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಾದ ಕೊಳವೆಗೆ ಒದ್ದೆ ಬಟ್ಟೆ ಸುತ್ತಿ ಎರಡು ಬೋಲ್ಟ್ ಬಿಚ್ಚಿದಳು. ಮಸಿ ಮೆತ್ತಿದ ತಗಡು ಕೈಗೆ ಬಂತು. ಕೊಳವೆ ಮತ್ತೆ ಬಿಗಿದು, ಮೊಬೈಲಿನಲ್ಲಿ ಕಂಪ್ಯೂಟರಿನ ತಕರಾರು ಅಳಿಸಿ, "ಹಚ್ಚರಿ ಕಾಕಾ," ಎಂದಳು ಮಜೀದನಿಗೆ.

ಎಲ್ಲರೂ ಹತ್ತಿದರು. ಗಾಡಿ ಎಲ್ಲೂ ನಿಲ್ಲದೆ ಏರು ಏರಿತು.

* * *

ಖಟಕ ಚಿಂಚೋಳಿಯಲ್ಲಿ ಭಂತೇಜಿ ತ್ರಿಶರಣ ಹೇಳಿಸಿದರು. ಚಿತೆ ಹತ್ತಿಕೊಂಡಿತು. ಜನ ಒಬ್ಬೊಬ್ಬರೇ ಹೊರಡುವಾಗ ಒವೈಸ ಮಾತ್ರ ಸ್ಮಶಾನದ ಹೊರಬಾಗಿಲಲ್ಲಿ ಸುಳಿದಾಡುತ್ತಿದ್ದ.

"ಅಕ್ಕಾ, ನಂದೂ ಹೊಸ ಮಾಡೆಲ್ಲೇ. ಉಸ್ತಾದ ನನ್ನ ಗಾಡಿಗೂ ಹಾಕಿಕೊಟ್ಟಾನ. ಇವ್ರಿಬ್ರಿಗೂ." ಬೆನ್ನ ಹಿಂದೆ ಇಬ್ಬರು ತಲೆ ತಗ್ಗಿಸಿ ನಿಂತಿದ್ದರು. "ನಾಳಿ ಗ್ಯಾರೇಜ ತೆರೀತೀರೇನ್ರಿ?"

ಪ್ರಣಾಲಿ ಚಿಕ್ಕಪ್ಪನ ಮುಖ ನೋಡಿದಳು. ನಾಗಸೇನ ಉರಿಯುವ ಚಿತೆಯ ಕಡೆ ಒಮ್ಮೆ ತಿರುಗಿದ, ಕನ್ನಡಕ ತೆಗೆದು ಒರೆಸಿಕೊಂಡ.

"ನಾಳಿ ತನಕ ಯಾಕ? ಇವ್ರು ಔರಾದಕ್ಕ ಹೋಗೋರು. ಅಲ್ಲಿ ತನಕ ಈ ಗಾಡಿ ಹ್ಯಾಂಗ ಎಳೀಬೇಕು?"

ಸ್ಮಶಾನದ ಹೊರಗೆ, ಬೇವಿನ ನೆರಳಿನಲ್ಲಿ, ಒಂದರ ಪಕ್ಕ ಒಂದು ಮೂರು ಬಾನೆಟ್ ಮೇಲೆದ್ದವು. ಬಿಳಿ ಅಂಗಿಯ ತೋಳು ಮಡಚಿದ ಮಾಸ್ತರ ಹೆಗಲ ಟವೆಲ್ ನೆಲಕ್ಕೆ ಹಾಸಿ, ಬೋಲ್ಟ್ ಬಿಚ್ಚುವ ಪಾನಾಗಳನ್ನು ನಂಬರಿನ ಪ್ರಕಾರ ಸಾಲಾಗಿ ಜೋಡಿಸಿದ. ಪ್ರಣಾಲಿ ಯಾವಾಗ ಕೈ ಚಾಚುತ್ತಾಳೋ ಎಂದು ಕಾಯುತ್ತ ಕೂತ.