ಪರೀಕ್ಷೆಗೆ ಮುಂಚಿನ ಅರೆಹೊಟ್ಟೆ

ಅಳತೆ ಕೊಡಲು ನಿಂತ ಗಿರಾಕಿ ಹೊಟ್ಟೆಯನ್ನು ಒಳಗೆಳೆದುಕೊಂಡು ಉಸಿರು ಬಿಗಿಹಿಡಿದಿದ್ದಳು. ಟೈಲರಮ್ಮ ಟೇಪು ಇಳಿಸಿ, ನೀವು ಉಸಿರು ಬಿಡುವವರೆಗೆ ನಾನು ಅಳತೆ ತೆಗೆಯುವುದಿಲ್ಲ ಎಂದಳು. ಟೇಪಿಗೆ ಮೋಸ ಮಾಡಿದರೆ ಕೋಟಿನ ಗುಂಡಿಗಳು ಸುಮ್ಮನೆ ಬಿಡುತ್ತವೆಯೇ? ಏಳು ತಿಂಗಳ ಬಸುರಿಯಾದರೂ ಟೈಲರಮ್ಮನ ಖಡಕ್ ಮಾತು ಒಂದಿಷ್ಟೂ ಮೆತ್ತಗಾಗಿರಲಿಲ್ಲ.

ಇಷ್ಟು ತಿಳಿದವಳು ತನ್ನ ವಿಷಯದಲ್ಲಿ ಮಾತ್ರ ಎಡವಿದ್ದಳು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡು ಆರು ವಾರವಾಗಿತ್ತು. ಪಥ್ಯದಿಂದ ಹತೋಟಿಗೆ ಬರದಿದ್ದರೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಅತ್ತೆಯ ಎದೆ ಧಸಕ್ಕೆಂದಿತ್ತು. ಬಸುರಿಗೆ ಔಷಧಿಯೇ ಕೂಡದು, ಮಗುವಿಗೆ ತಾಗುತ್ತದೆ ಎಂದು ಅವರ ಹಟ. ದಾರಿಯನ್ನೂ ಅವರೇ ಹುಡುಕಿದರು. ರಕ್ತಪರೀಕ್ಷೆಗೆ ಎರಡು ದಿನ ಮೊದಲಿನಿಂದ ಸೊಸೆಗೆ ಅರೆಹೊಟ್ಟೆ, ಪರೀಕ್ಷೆ ಮುಗಿದ ಮೇಲೆ ಯಥಾಪ್ರಕಾರ. ಸೊಸೆಗೂ ಒಳಗೊಳಗೇ ಭಯವಿತ್ತು, ಒಪ್ಪಿದಳು. ಎರಡು ಸಲ ರಿಪೋರ್ಟು ಚೆನ್ನಾಗಿಯೇ ಬಂತು. ಇಬ್ಬರೂ ಗೆದ್ದೆವೆಂದು ಬೀಗಿದರು.

ಮೂರನೆಯ ಸಲ ಸ್ಕ್ಯಾನ್ ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು.

“ಸಕ್ಕರೆ ಸರಿಯಾಗಿದೆ ಅಂತ ರಿಪೋರ್ಟ್ ಹೇಳ್ತಿದೆ. ಮಗು ನೋಡಿದ್ರೆ ತಿಂಗಳಿಗೆ ಮೀರಿ ದಪ್ಪ ಆಗ್ತಿದೆ. ಹೀಗೇ ಬಿಟ್ರೆ ಹೆರಿಗೇಲಿ ಇಬ್ಬರಿಗೂ ಅಪಾಯ. ಮಗು ಅಂತೂ ಸುಳ್ಳು ಹೇಳಲ್ಲಮ್ಮ.”

ಟೈಲರಮ್ಮನಿಗೆ ಉಸಿರು ಬಿಗಿಹಿಡಿದು ನಿಂತಿದ್ದ ಗಿರಾಕಿ ನೆನಪಾದಳು. ತಾನೇನು ಅವಳಿಗಿಂತ ಜಾಣೆಯೇ? ಅರೆಹೊಟ್ಟೆಯ ಕಥೆಯನ್ನೆಲ್ಲ ಹೇಳಿಬಿಟ್ಟಳು.

ಜೊತೆಗೆ ಬಂದಿದ್ದ ಅತ್ತೆ ಕುರ್ಚಿಯ ತುದಿಗೆ ಸರಿದರು. “ಅವಳನ್ನ ಬೈಬೇಡಿ ಡಾಕ್ಟ್ರೇ, ಹೇಳಿಕೊಟ್ಟಿದ್ದು ನಾನು. ನಮ್ಮನೆಯವರಿಗೆ ಇನ್ಸುಲಿನ್ ಶುರು ಮಾಡಿದ ಆರೇ ತಿಂಗಳಿಗೆ ಹೋಗ್ಬಿಟ್ರು. ಆ ಸೂಜಿ ಕಂಡ್ರೆ ನಂಗೆ ಕೈಕಾಲೇ ಆಡಲ್ಲ.”

ಡಾಕ್ಟರು ಬೈಯಲಿಲ್ಲ. ನಿಮ್ಮ ಯಜಮಾನರಿಗೆ ಇನ್ಸುಲಿನ್ ಕೊಡುವ ಹೊತ್ತಿಗೇ ಕಾಯಿಲೆ ಬಹಳ ಮುಂದುವರಿದಿರಬೇಕು ಎಂದರು. ತಾಯಿಯ ರಕ್ತದ ಸಕ್ಕರೆ ಮಗುವಿಗೆ ದಾಟುತ್ತದೆ, ಚುಚ್ಚಿಕೊಂಡ ಇನ್ಸುಲಿನ್ ದಾಟುವುದಿಲ್ಲ. ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ಅದು ಬೇಕಾಗುವುದೂ ಇಲ್ಲ ಎಂದು ಬಿಡಿಸಿ ಹೇಳಿದರು. ಅತ್ತೆ ಅದನ್ನೇ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಮರುದಿನ ಬೆಳಿಗ್ಗೆ ತಿಂಡಿಗೆ ಮುಂಚೆ ಟೈಲರಮ್ಮ ಇನ್ಸುಲಿನ್ ಪೆನ್ನು ಹಿಡಿದು ಕುಳಿತಳು. ಚುಚ್ಚಿದ ಮೇಲೆ ಹತ್ತು ಎಣಿಸುವವರೆಗೆ ತೆಗೆಯಬಾರದೆಂದು ನರ್ಸ್ ಹೇಳಿಕೊಟ್ಟಿದ್ದಳು. ದಿನವಿಡೀ ಸೂಜಿ ಹಿಡಿಯುವವಳು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಅಡುಗೆಮನೆಯಿಂದ ಅತ್ತೆ ಬಂದು ಪಕ್ಕದಲ್ಲಿ ಕುಳಿತು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

“ನಾನು ನೋಡಲ್ಲ. ಎಣಿಸ್ತೀನಿ, ನೀನು ಚುಚ್ಕೋ.”

ಅವಳು ಚುಚ್ಚಿಕೊಂಡಳು. ಅತ್ತೆ ಕಣ್ಣು ಮುಚ್ಚಿ, ಸೊಸೆಯ ಮೊಣಕಾಲನ್ನು ಗಟ್ಟಿಯಾಗಿ ಹಿಡಿದು ಒಂದೊಂದಾಗಿ ಎಣಿಸಿದರು. ಹತ್ತಾದ ಮೇಲೂ ನಿಲ್ಲಿಸಲಿಲ್ಲ. ಆಯ್ತು ಅತ್ತೆ, ಸಾಕು ಎಂದು ಸೊಸೆ ನಕ್ಕಾಗ ಹದಿನಾರಕ್ಕೆ ಬಂದಿದ್ದರು.

“ಸಂಜೆದಕ್ಕೂ ನನ್ನನ್ನೇ ಕರಿ,” ಎಂದರು, ಇನ್ನೂ ಗೋಡೆಯನ್ನೇ ನೋಡುತ್ತ.