ಬಡಿದು ನೋಡಿ ತಂದ ಆಕ್ಸಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಕಿವಿ ಹೋಗಿ ಎರಡು ವರ್ಷವಾಗಿತ್ತು. ಪೂರ್ತಿ ಹೋಗಿರಲಿಲ್ಲ. ಎದುರು ನಿಂತು ಆಡಿದ ಮಾತು ಕೇಳುತ್ತಿತ್ತು, ಲಾರಿಯ ಹಾರ್ನು ಕೇಳುತ್ತಿತ್ತು. ಕೀರಲು ದನಿ, ಗಂಟೆಯ ದನಿ ಮಾತ್ರ ಇಲ್ಲ: ಫೋನಿನ ರಿಂಗು, ಕುಕ್ಕರಿನ ಸೀಟಿ, ಪೂಜೆಯ ಗಂಟೆ. ಮೂವತ್ತೆರಡು ವರ್ಷ ಕಬ್ಬಿಣ ಬಡಿದವನ ಕಿವಿ ಇನ್ನೇನಾಗಬೇಕು? ನನ್ನ ಹೆಂಡತಿ ಸುನಂದಾ, "ಟಿವಿ ಸಣ್ಣ ಮಾಡ್ರಿ, ಓಣಿ ಮಂದಿ ಎಲ್ಲಾ ಕೇಳಾಕತ್ತಾರ" ಎಂದಾಗಲೆಲ್ಲ ರಿಮೋಟು ಕೆಟ್ಟಿದೆ ಎಂದು ಅವಳಿಗೇ ಬೈಯುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಯಾಕೆ ಮುಚ್ಚಿಟ್ಟೆ ಎಂದರೆ, ಕಲಬುರಗಿಯಲ್ಲಿ ಅಣವೀರಪ್ಪ ಮಿಸ್ತ್ರಿಯ ಹೆಸರು ನಿಂತದ್ದೇ ಈ ಕಿವಿಯ ಮೇಲೆ. ತಾಜಸುಲ್ತಾನಪುರದ ರಸ್ತೆಯಲ್ಲಿರುವ ನನ್ನ ಗ್ಯಾರೇಜಿಗೆ ಬೇರೆ ಮಿಸ್ತ್ರಿಗಳೂ ಹಳೆಯ ಆಕ್ಸಲ್, ಎಂದರೆ ಗಾಲಿಗಳನ್ನು ಹೊರುವ ಅಚ್ಚು, ಹೊತ್ತು ತರುತ್ತಿದ್ದರು. ಅದನ್ನು ಸರಪಳಿಗೆ ತೂಗುಹಾಕಿ ಸುತ್ತಿಗೆಯಿಂದ ಒಂದು ಪೆಟ್ಟು ಕೊಡುತ್ತಿದ್ದೆ. ಒಳಗೆ ಬಿರುಕಿಲ್ಲದಿದ್ದರೆ ಕಬ್ಬಿಣ ಠಣ್ ಎಂದು ಉದ್ದಕ್ಕೆ ಹಾಡುತ್ತದೆ, ಬಿರುಕಿದ್ದರೆ ಠಪ್ ಎಂದು ಅಲ್ಲೇ ಸಾಯುತ್ತದೆ. ನಾನು ಹೂಂ ಎಂದರೆ ಮುಗಿಯಿತು, ಮತ್ತೆ ಯಾರೂ ಕೇಳುತ್ತಿರಲಿಲ್ಲ. ಜೇವರ್ಗಿ ಕಾಲೋನಿಯ ಜಯತೀರ್ಥ ಮಕ್ಕಳನ್ನು ಶಾಲೆಗೆ ಒಯ್ಯುವ ತನ್ನ ಟೆಂಪೊಗೆ ಹಳೆಯ ಆಕ್ಸಲ್ ಹಾಕಿಸುವ ಮೊದಲು, ಹೋದ ವರ್ಷ, ನನ್ನಿಂದಲೇ ಹೂಂ ಅನ್ನಿಸಿಕೊಂಡು ಹೋಗಿದ್ದ.

ಇನ್ನು ನನ್ನ ಮಗಳು ಮಲ್ಲಿಕಾ. ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ಪಾಠ ಹೇಳುತ್ತಾಳೆ, ಸಂಜೆಯಾದರೆ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡು ಕೂರುತ್ತಾಳೆ. ಒಂದೂವರೆ ವರ್ಷದಿಂದ ಅವಳು ಡ್ರ್ಯಾಗ್ ಕಾರು ಕಟ್ಟುತ್ತಿದ್ದಳು. ಕಾಲು ಮೈಲಿ ನೇರ ಓಟ, ತಿರುವಿಲ್ಲ, ಹನ್ನೆರಡು ಹದಿಮೂರು ಸೆಕೆಂಡಿನಲ್ಲಿ ಆಟ ಖತಂ. ಅದೂ ಹಳೆಯ ಕಾಲದ ನಮೂನೆಯೇ ಆಗಬೇಕಂತೆ: ಉದ್ದ ಮೂತಿ, ಮುಂದೆ ತೆಳ್ಳನೆಯ ಗಾಲಿ, ಹಿಂದೆ ದಪ್ಪ ಗಾಲಿ. ಓಡಿಸುವವಳೂ ಅವಳೇ. ಎಲ್ಲ ಜೋಡಿಸಿಯಾಗಿತ್ತು, ಮುಂದಿನ ಆಕ್ಸಲ್ ಒಂದು ಉಳಿದಿತ್ತು.

"ಪೈಪಿಂದು ಮಾಡೋಣಪ್ಪಾ, ಹಗರ ಇರ್ತದ" ಎಂದಳು.

"ಪೈಪು ಸೈಕಲ್ಲಿಗಿ ಇರ್ಲಿ. ಅದರ ಮ್ಯಾಲ ಕೂಡೂದು ನಿನ್ನ ಜೀವ. ಹಳೀ ಜೀಪಿನ ಮುಂದಿನ ಆಕ್ಸಲ್ ತರೋಣು, ಗಟ್ಟಿ ಮಾಲು."

ಅವಳು ಸ್ವಲ್ಪ ಹೊತ್ತು ತೂಕದ ಲೆಕ್ಕ ಹಾಕಿದಳು. ಆಮೇಲೆ, "ಆಯ್ತು. ಆದ್ರ ನೀ ಬಡದು ನೋಡಿ ಹೂಂ ಅಂದಿದ್ದಷ್ಟೇ ಹಾಕಾಕಿ ನಾ" ಎಂದಳು. ಅವತ್ತೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ.

ಕಮಲಾಪುರದ ಲಾಲ್ ಅಹ್ಮದ್ ಹಳೆಯ ಗಾಡಿಗಳನ್ನು ಒಡೆದು ಮಾರುವವನು. ನನಗೆ ಇಪ್ಪತ್ತು ವರ್ಷದ ಪರಿಚಯ. ಅವನಲ್ಲಿ ಜೀಪಿನ ಆಕ್ಸಲ್ ಎರಡಿದ್ದವು. ಒಂದು ತುಕ್ಕು ತಿಂದು ಕೆಂಪಾಗಿತ್ತು, ಇನ್ನೊಂದಕ್ಕೆ ಕಪ್ಪು ಬಣ್ಣ ಬಳಿದಿತ್ತು. ಅವನ ಹಮಾಲ ಯಂಕಪ್ಪ ಎರಡನ್ನೂ ಬೇವಿನ ಗಿಡಕ್ಕೆ ತೂಗುಹಾಕಿದ. ಮಲ್ಲಿಕಾ ಅವ್ವನಿಗೆಂದು ಕೆಂಪು ಬಾಳೆಹಣ್ಣು ಕೊಳ್ಳಲು ರಸ್ತೆಯ ಆಚೆ ಹೋಗಿದ್ದಳು. ಚಹಾ ಕುಡಿಯುತ್ತ ಕುಳಿತಿದ್ದ ಐದಾರು ಮಂದಿ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು.

ತುಕ್ಕಿನದನ್ನು ಬಡಿದೆ. ಠಪ್. ಕಪ್ಪಿನದನ್ನು ಬಡಿದೆ. ಠಪ್. ನನ್ನ ಕಿವಿಗೆ ಎರಡೂ ಒಂದೇ! ಆದರೂ ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಕೇಳಿಸಿಕೊಂಡವನಂತೆ ನಿಂತೆ. ಕೊನೆಗೆ ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು, ಕಪ್ಪಿನದನ್ನು, ತೋರಿಸಿದೆ.

ಲಾಲ್ ಅಹ್ಮದ್ ಹತ್ತಿರ ಬಂದ. "ಅಣ್ಣಾ, ತುಕ್ಕಿಂದು ಒಯ್ಯಿರಿ. ಮ್ಯಾಲಿನ ತುಕ್ಕು ತಿಕ್ಕಿದ್ರ ಹೋಗ್ತದ. ಕರೀದರ ದನಿ ಜರಾ ಬಿದ್ದಂಗದ ನೋಡ್ರಿ."

ನನಗೆ ನೆತ್ತಿಗೇರಿತು. ಸಿಟ್ಟಲ್ಲ ಅದು, ಹೆದರಿಕೆ. ನನ್ನಲ್ಲಿ ಹೆದರಿಕೆ ಯಾವಾಗಲೂ ಸಿಟ್ಟಿನ ವೇಷ ಹಾಕಿಕೊಂಡೇ ಹೊರಗೆ ಬರುತ್ತದೆ. "ಯಾರಿಗಿ ಕಲಸಾಕ ಬಂದಿ? ಮಾರದೆ ಉಳದಿದ್ದ ತುಕ್ಕಿನ ಮಾಲು ನನ್ನ ತಲಿಗಿ ಕಟ್ಟಬೇಕಂತಿ? ದನಿ ಬಗ್ಗಿ ಅಣವೀರಪ್ಪಗ ನೀ ಹೇಳ್ತಿ?" ಎಂದು ಅಷ್ಟು ಮಂದಿಯ ಎದುರು ಚೀರಿದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ನಿಮ್ಮ ಮರ್ಜಿ ಅಣ್ಣಾ" ಎಂದು ಹಿಂದೆ ಸರಿದ.

ಬಾಳೆಹಣ್ಣು ಹಿಡಿದು ಬಂದ ಮಲ್ಲಿಕಾ ಕೇಳಿದಳು, "ಬಡದು ನೋಡಿದೇನಪ್ಪಾ?"

"ಗಂಟಿ ಹಂಗ ಅದ" ಎಂದೆ.

ನಾಲ್ಕು ದಿನ ಏನೇನೋ ನೆಪ ಹೇಳಿ ಅದನ್ನು ಕಾರಿಗೆ ಜೋಡಿಸಲು ಬಿಡಲಿಲ್ಲ. ಐದನೆಯ ದಿನ ಮಲ್ಲಿಕಾ ಪಾಠಕ್ಕೆ ಹೋದಾಗ ಕಪ್ಪು ಬಣ್ಣವನ್ನೆಲ್ಲ ಕೆರೆದೆ. ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದೆ. ಬಿರುಕಿದ್ದರೆ ಒಳಗೆ ಕುಳಿತ ಎಣ್ಣೆ ಪುಡಿಗೆ ಏರಿ ಬರುತ್ತದೆ. ಏರಿತು. ಸ್ಪ್ರಿಂಗ್ ಕೂರುವ ಜಾಗದಲ್ಲಿ, ಕೂದಲಿನಷ್ಟು ಸಣ್ಣ ಕಪ್ಪು ಗೆರೆ, ಕಬ್ಬಿಣದ ಅರ್ಧದ ತನಕ. ಒರೆಸಿ ಮತ್ತೆ ಪುಡಿ ಹಾಕಿದೆ, ಮತ್ತೆ ಏರಿತು. ಅವತ್ತು ಪಾಠ ಮಧ್ಯಾಹ್ನದೊಳಗೇ ಮುಗಿದಿತ್ತಂತೆ, ಮಲ್ಲಿಕಾ ಯಾವಾಗ ಬಂದು ನನ್ನ ಹಿಂದೆ ನಿಂತಳೋ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು!

"ಏನಪ್ಪಾ ಇದು? ನೀ ಬಡದು ನೋಡಿದ್ದಿಯಲ್ಲ?"

ಈಗ ಬರೆಯುವಾಗಲೂ ಕೈ ಹಿಂದೆ ಸರಿಯುತ್ತದೆ. "ನಾ ಬಡದಿದ್ದು ಬ್ಯಾರೆ ಇತ್ತವ್ವಾ" ಎಂದೆ. "ಕರೀ ಬಣ್ಣದ್ದು ಅಲ್ಲಿ ಇನ್ನೊಂದಿತ್ತು. ಅಂವ ಬದಲಿ ಮಾಡಿ ಗಾಡಿಗಿ ಏರಸ್ಯಾನ."

ಅಲ್ಲಿ ಇನ್ನೊಂದು ಇರಲೇ ಇಲ್ಲ.

ಅವಳು ನನ್ನದೇ ರಕ್ತ, ಒಮ್ಮೆಲೇ ಕೆಂಪಾದಳು. "ನಡಿ ಕಮಲಾಪುರಕ್ಕ."

"ಹೋಗ್ಲಿ ಬಿಡವ್ವಾ, ಬ್ಯಾರೆ ಕಡಿ ನೋಡೋಣು."

"ಬಿಡೂದಾ? ನಾಳಿಗಿ ಇನ್ನೊಬ್ಬರ ಮಗಳಿಗಿ ಕೊಟ್ರ?" ಎಂದು ಅವಳೇ ಆಕ್ಸಲ್‌ನ ಒಂದು ತುದಿ ಎತ್ತಿದಳು. ಇನ್ನೊಂದು ತುದಿ ನಾನು ಎತ್ತಿದೆ. ಕಮಲಾಪುರದ ತನಕ ಅವಳು ಬೈಯುತ್ತಲೇ ಗಾಡಿ ಓಡಿಸಿದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ.

ಅದೇ ಬೇವಿನ ಗಿಡ, ಅದೇ ಚಹಾದ ಮಂದಿ. "ಕಾಕಾ, ನಿಮಗ ನಾಚಿಕಿ ಬರಬೇಕು" ಎಂದು ಮಲ್ಲಿಕಾ ಸುರುಮಾಡಿದಳು. "ಅಪ್ಪ ಬಡದು ನೋಡಿದ್ದೊಂದು, ನೀವು ಏರಿಸಿದ್ದೊಂದು. ಇದರ ಮ್ಯಾಲ ಕೂತು ನಾ ಸಾಯಾಕಿದ್ದೆ, ಗೊತ್ತದ ಏನು?"

ಯಂಕಪ್ಪ ಎದ್ದು ನಿಂತ. "ಏ ತಂಗಿ, ಅವತ್ತ ನಿಮ್ಮಪ್ಪನ..."

"ಗಪ್ ಕೂಡು ಯಂಕಪ್ಪಾ" ಎಂದ ಲಾಲ್ ಅಹ್ಮದ್. ಆಮೇಲೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು, ನನ್ನ ಸುಳ್ಳು ಬಯಲಾಗುತ್ತಿತ್ತು. "ಖರೇ ಅದ ಬೇಟಿ" ಎಂದ ಅವನು. "ತಪ್ಪು ನಂದೇ. ಏರಸೂ ಮುಂದ ನಜರ್ ಚುಕ್ಕಿತು. ಮಾಫ್ ಮಾಡು. ತುಕ್ಕಿಂದು ಒಯ್ಯಿರಿ, ಅದು ಚಲೋ ಅದ."

ತನ್ನ ಆಳುಗಳ ಎದುರು, ತನ್ನ ಅಂಗಡಿಯಲ್ಲೇ, ಮಾಡದ ಮೋಸವನ್ನು ಒಪ್ಪಿಕೊಂಡ. ನನ್ನ ಕಿವಿಯ ಸಂಗತಿ ಅವನಿಗೆ ಮೊದಲ ದಿನವೇ ತಿಳಿದಿತ್ತು. ಮಗಳ ಮುಂದೆ ನನ್ನ ಮರ್ಯಾದೆ ಉಳಿಯಲಿ ಎಂದು ತನ್ನ ಮರ್ಯಾದೆಯನ್ನು ತೆಗೆದು ಕೊಟ್ಟ. ಥೂ ನನ್ನ ಬಾಳಿಗೆ!

ತುಕ್ಕಿನ ಆಕ್ಸಲ್ ಮತ್ತೆ ಗಿಡಕ್ಕೇರಿತು. ಮಲ್ಲಿಕಾ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟಳು. "ಈ ಸಲ ನನ್ನ ಕಣ್ಣೆದುರ ಬಡಿ. ನೀ ಹೂಂ ಅಂದ್ರ ಒಯ್ಯೋಣು. ಬ್ಯಾರೆ ಯಾರ ಮಾತೂ ಬ್ಯಾಡ ನನಗ."

ಬಡಿದೆ. ಠಪ್.

ಅವಳು ನನ್ನ ಬಾಯಿ ನೋಡುತ್ತ ನಿಂತಳು. ಲಾಲ್ ಅಹ್ಮದ್ ಚೆನ್ನಾಗಿದೆ ಎಂದಿದ್ದಾನೆ, ಹೂಂ ಎಂದುಬಿಟ್ಟರೆ ಎಲ್ಲ ಮುಗಿಯುತ್ತದೆ. ಆದರೆ ನನಗೆ ಗೊತ್ತಿಲ್ಲವಲ್ಲ! ಗೊತ್ತಿಲ್ಲದ ಹೂಂ ಮೇಲೆ ಇವಳನ್ನು ಎರಡನೆಯ ಸಲ ಕೂರಿಸಲೇ?

"ಮಲ್ಲಿಕಾ, ಹ್ಯಾಂಗ ಕೇಳಸ್ತು?"

"ನನಗೇನ್ ಕೇಳ್ತಿ? ನೀ ಹೇಳು."

"ನನಗ ಕೇಳಸಂಗಿಲ್ಲವ್ವಾ." ಸುತ್ತಿಗೆ ಕೆಳಗಿಟ್ಟೆ. "ಎರಡು ವರ್ಷ ಆಯ್ತು. ಅವತ್ತೂ ಕೇಳಸಿಲ್ಲ. ಇಂವ ಬ್ಯಾಡ ಅಂದಿದ್ದ, ನಾನೇ ಇವನ್ನ ಬೈದು ತಂದೀನಿ. ಯಾರೂ ಬದಲಿ ಮಾಡಿಲ್ಲ. ನಾ ಸುಳ್ಳು ಹೇಳೀನಿ."

ಮಲ್ಲಿಕಾ ಲಾಲ್ ಅಹ್ಮದನ ಎದುರು ಹೋಗಿ ಕೈಮುಗಿದಳು. "ಕಾಕಾ, ಬಾಯಿಗಿ ಬಂದಂಗ ಅಂದೀನಿ" ಎಂದು ಅತ್ತುಬಿಟ್ಟಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ನಾನೂ ಕೈಮುಗಿದೆ. ಅವನು ನನ್ನ ಕೈಗಳನ್ನು ಬಿಡಿಸಿ, "ಬಡೀರಿ ಅಣ್ಣಾ, ಬೇಟಿ ಕೇಳ್ತಾಳ" ಎಂದ. ಬಡಿದೆ. ಮಲ್ಲಿಕಾ ಕಣ್ಣೊರೆಸಿಕೊಂಡು ಬಹಳ ಹೊತ್ತು ಕೇಳುತ್ತ ನಿಂತಳು. ಆಮೇಲೆ ಯಂಕಪ್ಪನಿಗೆ, "ಏರಸ್ರಿ" ಎಂದಳು.

ವಾಪಸು ಬರುವಾಗ ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಊರು ಹತ್ತಿರವಾದಾಗ ಗಾಡಿಯನ್ನು ರಸ್ತೆಯ ಪಕ್ಕ ನಿಲ್ಲಿಸಿ, ನನ್ನ ಕಡೆ ತಿರುಗಿ, ನನಗೆ ಕೇಳುವ ಹಾಗೆ ದೊಡ್ಡ ದನಿಯಲ್ಲಿ ಕೇಳಿದಳು.

"ಅಪ್ಪಾ, ಈ ಎರಡು ವರ್ಷದಾಗ ಎಷ್ಟು ಮಂದಿ ಗಾಡಿಗಿ ಹೂಂ ಅಂದೀದಿ?"

ಅಲ್ಲಿಯ ತನಕ ನಾನು ನನ್ನ ಮಾನದ ಬಗ್ಗೆ, ಹೆಚ್ಚೆಂದರೆ ನನ್ನ ಮಗಳ ಬಗ್ಗೆ ಯೋಚಿಸಿದ್ದೆ. ಒಬ್ಬೊಬ್ಬರ ಮುಖವೂ ಈಗ ಕಣ್ಣ ಮುಂದೆ ಬರತೊಡಗಿತು. ಡ್ಯಾಶ್‌ಬೋರ್ಡಿನ ಗಡಿಯಾರದಲ್ಲಿ ಮೂರೂವರೆ. ಶಾಲೆ ಬಿಡುವುದು ನಾಲ್ಕಕ್ಕೆ.

"ಮೊದಲ ಜಯತೀರ್ಥನ ಟೆಂಪೊ ನಿಲ್ಲಸು" ಎಂದೆ. ಮಲ್ಲಿಕಾ ಫೋನನ್ನು ನನ್ನ ಕೈಗೆ ಕೊಡಲು ಹೋಗಿ, ಹಿಂದಕ್ಕೆ ತೆಗೆದುಕೊಂಡು, ತಾನೇ ಮಾಡಿದಳು.