ಏಕವಚನ

ರಾತ್ರಿ ದೀಪ ಆರಿಸಿದ ಮೇಲೆ ಗೋಡೆಯ ಆಚೆಯಿಂದ ತಗಡಿನ ಪೆಟ್ಟಿಗೆಯ ಮುಚ್ಚಳ ತೆರೆಯುವ ಸದ್ದು ಕೇಳುತ್ತಿತ್ತು. ದೊಡ್ಡ ಸದ್ದೇನಲ್ಲ, ಬಳೆ ಪಾತ್ರೆಗೆ ತಾಗಿದಷ್ಟು. ಆದರೆ ಆ ವರ್ಷ ಕತ್ತಲಾದ ಮೇಲೆ ಯಾವ ಸದ್ದು ಕೇಳಿದರೂ ನಾನು ಎದ್ದು ಕೂರುತ್ತಿದ್ದೆ. ಬಾಗಿಲು ಬಡಿದದ್ದಲ್ಲ, ಬೂಟಿನ ಸದ್ದಲ್ಲ, ದೊಡ್ಡಮ್ಮ ಪೆಟ್ಟಿಗೆ ತೆರೆದದ್ದು ಎಂದು ಖಚಿತವಾದ ಮೇಲೆ ಮತ್ತೆ ಮಲಗುತ್ತಿದ್ದೆ. ನಿದ್ದೆ ಮಾತ್ರ ಬರುತ್ತಿರಲಿಲ್ಲ. ಗೋಡೆಯಾಚೆ ಕಾಗದಗಳನ್ನು ಒಂದೊಂದಾಗಿ ಬಿಡಿಸಿ, ಬೆರಳಿನಿಂದ ಸವರಿ, ಮತ್ತೆ ಮಡಚುವ ಸದ್ದು ಬಹಳ ಹೊತ್ತು ನಡೆಯುತ್ತಿತ್ತು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹಗಲಾದರೇನು, ರಾತ್ರಿಯಾದರೇನು, ಆ ಕೆಲಸಕ್ಕೆ ಅವರಿಗೆ ದೀಪ ಬೇಕಿರಲಿಲ್ಲ.

ದೊಡ್ಡಮ್ಮ ನನಗೆ ನೆಂಟರಲ್ಲ. ನಾನು ಬಾಡಿಗೆಗಿದ್ದ ಮನೆಯ ಒಡತಿ, ಹೆಸರು ಅಂಬುಜಾಕ್ಷಮ್ಮ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನಾನು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದೆ. ಅವರ ಕಣ್ಣು ಪೂರ್ತಿ ಹೋದ ಮೇಲೆ, ಅವರಿಗೆ ಬಂದ ಕಾಗದ ಓದಿ ಹೇಳುವುದು, ಅವರು ಹೇಳಿದ್ದನ್ನು ಬರೆದು ಅಂಚೆಗೆ ಹಾಕುವುದು ನನ್ನ ಪಾಲಿಗೆ ಬಂತು. ಕಾಗದ ಬರುತ್ತಿದ್ದದ್ದು ಒಬ್ಬರಿಂದಲೇ: ರಾಷ್ಟ್ರಾಧ್ಯಕ್ಷರ ಹೆಂಡತಿ ಚಂದ್ರಮತಿ ದೇವಿಯವರಿಂದ.

ಇಬ್ಬರೂ ಹುಡುಗಿಯರ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಇದ್ದ ಒಂದು ಒಳ್ಳೆಯ ಸೀರೆಯನ್ನು ಸರದಿಯ ಮೇಲೆ ಉಟ್ಟವರು. ಅಧ್ಯಕ್ಷ ಇಂದುಧರರು ಇನ್ನೂ ಏನೂ ಆಗಿರದ ಕಾಲದಲ್ಲಿ ಅವರ ಮಗಳು ಹುಟ್ಟಿದ್ದು ದೊಡ್ಡಮ್ಮನ ಕೈಯಲ್ಲೇ. ಲಕೋಟೆಯ ಮೇಲೆ ಸರ್ಕಾರದ ಮುದ್ರೆ ಇರುತ್ತಿತ್ತು. ಅದನ್ನು ಕೊಡುವಾಗ ಅಂಚೆಯವನು ಚಪ್ಪಲಿ ಬಿಡುತ್ತಿದ್ದ. ಒಳಗೆ ಮಾತ್ರ ಕಾಗದ "ಲೇ ಅಂಬು" ಎಂದು ಶುರುವಾಗುತ್ತಿತ್ತು. "ಲೇ ಅಂಬು, ನಿನ್ನ ಸೊಂಟನೋವು ಹೇಗಿದೆಯೇ? ನಮ್ಮ ಯಜಮಾನರಿಗೆ ಮತ್ತೆ ಹೊಟ್ಟೆ ಉಬ್ಬರ. ದೇಶವೆಲ್ಲ ಇವರಿಗೆ ಹೆದರುತ್ತದಂತೆ, ಇವರು ಅವರೆಕಾಳಿಗೆ ಹೆದರುತ್ತಾರೆ." ಮಗಳು ಅಂಚಿನಲ್ಲಿ "ಅತ್ತೆಗೆ ನಮಸ್ಕಾರ" ಎಂದು ಸೇರಿಸುತ್ತಿದ್ದಳು. ಅಪರೂಪಕ್ಕೆ ಕೊನೆಯಲ್ಲಿ ಬೇರೆ ಕೈಬರಹದ ಒಂದು ಸಾಲು ಇರುತ್ತಿತ್ತು: "ಅಂಬುಜಾಕ್ಷಿಯವರೇ, ನಿಂಬೆ ಉಪ್ಪಿನಕಾಯಿ ಮುಗಿದಿದೆ. ತಮ್ಮ ಗಮನಕ್ಕೆ." ಅದು ಸ್ವತಃ ಅಧ್ಯಕ್ಷರದು.

ಅವರೆಕಾಳಿನಂಥ ಸಾಲು ಬಂದಾಗ ನಾನು ಓದುವುದನ್ನು ನಿಲ್ಲಿಸಿ ಎದ್ದು ಕಿಟಕಿ ಮುಚ್ಚಿ ಬರುತ್ತಿದ್ದೆ. ದೊಡ್ಡಮ್ಮನಿಗೆ ಅದೊಂದು ತಮಾಷೆ. "ಯಾಕೇ ಮುಚ್ತೀಯ, ಸೆಖೆ," ಎನ್ನುತ್ತಿದ್ದರು. "ಅವರೆಕಾಳು ಹೋಗಿ ಚಾಡಿ ಹೇಳುತ್ತಾ?"

ಊರಿಗೆ ಈ ಸ್ನೇಹ ಗೊತ್ತಿತ್ತು. ವರ್ಗಾವಣೆ ಬೇಕಾದವರು, ನಿವೇಶನ ಬೇಕಾದವರು, ಮಗನಿಗೆ ಕೆಲಸ ಬೇಕಾದವರು ಹಣ್ಣು ಹಿಡಿದು ಜಗಲಿಯಲ್ಲಿ ಕೂರುತ್ತಿದ್ದರು. ದೊಡ್ಡಮ್ಮ ಎಲ್ಲರಿಗೂ ಕಾಫಿ ಕೊಡಿಸಿ, ತಮ್ಮ ಕಾಗದದಲ್ಲಿ ಸೊಂಟನೋವಿಗೆ ಮಾತ್ರ ಜಾಗ ಇರುವುದು ಎಂದು ಹೇಳಿ, ಹಣ್ಣಿನ ಸಮೇತ ಕಳಿಸುತ್ತಿದ್ದರು. ಜನ ಬೈದುಕೊಂಡು ಹೋಗುತ್ತಿದ್ದರು. ಒಮ್ಮೆ ನಾನು ಯಾಕೆ ಎಂದು ಕೇಳಿದ್ದೆ. "ನಾನು ಏನಾದ್ರೂ ಕೇಳಿದ ದಿನ ಅವಳು ಅಧ್ಯಕ್ಷರ ಹೆಂಡತಿ ಆಗಿಬಿಡ್ತಾಳೆ ಕಣೇ. ಅಲ್ಲೀತನಕ ಚಂದ್ರಿ," ಎಂದಿದ್ದರು. ಹಾಸ್ಟೆಲಿನಲ್ಲಿ ಅವರನ್ನು ಕರೆಯುತ್ತಿದ್ದ ಹೆಸರು ಅದು. ಕಾಗದಕ್ಕೆ ಸಹಿ ಬರುತ್ತಿದ್ದದ್ದೂ ಅದೇ ಹೆಸರಿನಲ್ಲಿ.

ಆಗಲೇ ನನ್ನ ತಮ್ಮ ನೀಲಕಂಠನನ್ನು ಹಿಡಿದುಕೊಂಡು ಹೋದದ್ದು.

ಅವನು ನಮ್ಮ ಕಾಲೇಜಿನಲ್ಲೇ ಚರಿತ್ರೆಯ ಮೇಷ್ಟ್ರು. ರಾಜಕೀಯದ ಗಂಧಗಾಳಿ ಇಲ್ಲದವನು. ಪತ್ರಿಕೆ ಬಂದರೆ ಪದಬಂಧ ಮಾತ್ರ ನೋಡುತ್ತಿದ್ದ. ಹೊಸ ಸೇತುವೆಯ ವಾರ್ಷಿಕ ಸಮಾರಂಭಕ್ಕೆ ಭಾಷಣಕಾರರು ಬರಲಿಲ್ಲವೆಂದು ಪ್ರಿನ್ಸಿಪಾಲರು ಇವನನ್ನು ವೇದಿಕೆಗೆ ತಳ್ಳಿದರು. ಇವನಿಗೆ ಗೊತ್ತಿದ್ದದ್ದು ತರಗತಿಯ ಮಾತು. ಹಳೆಯ ರಾಜರ ಬಗ್ಗೆ ನಾವೆಲ್ಲ ಹೇಳುವುದು ಹಾಗೇ ತಾನೆ: ಗೆದ್ದ, ಸೋತ, ಕೆರೆ ಕಟ್ಟಿಸಿದ. ಇವನೂ ಅದೇ ಓಟದಲ್ಲಿ ಹೇಳಿದ: "ಇಂದುಧರ ಈ ನದಿಗೆ ಸೇತುವೆ ಕಟ್ಟಿಸಿದ. ಕೆರೆಗಳನ್ನು ತುಂಬಿಸಿದ. ಅವನ ಕಾಲದಲ್ಲಿ ಪ್ರಜೆಗಳು ಸುಖವಾಗಿದ್ದರು." ಮುಂದಿನ ಸಾಲಿನವರು ಚಪ್ಪಾಳೆಗೆ ಎತ್ತಿದ್ದ ಕೈಗಳನ್ನು ಹಾಗೇ ತೊಡೆಯ ಮೇಲೆ ಇಳಿಸಿದರು. ನಾನು ಹಿಂದೆ ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಪದ ಅವನ ಬಾಯಿಂದ ಬೀಳುವಾಗಲೇ ನನಗೆ ಗೊತ್ತಾಗಿತ್ತು. ಅವನಿಗೆ ಮಾತ್ರ ಮನೆಗೆ ಬಂದ ಮೇಲೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಇಬ್ಬರು ಬಂದು, ಸ್ವಲ್ಪ ವಿಚಾರಿಸುವುದಿದೆ ಎಂದು ಕರೆದುಕೊಂಡು ಹೋದರು. ಬದುಕಿರುವವರನ್ನು ಏಕವಚನದಲ್ಲಿ, ಆಳಿ ಹೋದ ರಾಜನ ಹಾಗೆ ಮಾತಾಡುವುದರ ಅರ್ಥ ಏನು, ಅಧ್ಯಕ್ಷರಿಗೆ ಏನೋ ಆಗಲಿದೆ ಎಂದು ನಿನಗೆ ತಿಳಿಸಿದವರು ಯಾರು ಎಂದು ಅವರು ಕೇಳುತ್ತಿದ್ದರಂತೆ. ಅವನ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದ್ದರಿಂದ ಬಿಡಲಿಲ್ಲ. ನಾನು ನೋಡಲು ಹೋದಾಗ ಜಾಲರಿಯ ಆಚೆ ಕೆಮ್ಮುತ್ತ ನಿಂತಿದ್ದ. ಕಾವಲಿನವರು ಅವನಿಗೆ ಹೆಸರೇ ಇಟ್ಟುಬಿಟ್ಟಿದ್ದರು. "ಏಯ್ ಏಕವಚನ, ನಿಮ್ಮಕ್ಕ ಬಂದವ್ಳೆ, ಬಾರೋ," ಎಂದು ಕರೆದದ್ದು ನನ್ನ ಕಿವಿಗೂ ಬಿತ್ತು. ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಒಂದೇ ಮಾತು ಕೇಳಿದ: "ಅಕ್ಕ, ನೀನೂ ಅಲ್ಲೇ ಇದ್ದೆಯಲ್ಲ. ನಾನು ಹೊಗಳಿದ್ದೇ ಅಲ್ಲವಾ?"

ಹೌದು ಎಂದೆ. ಹಿಂದಿನ ಸಲಕ್ಕಿಂತ ಅವನ ಕೆಮ್ಮು ಆಳಕ್ಕೆ ಇಳಿದಿತ್ತು. ಇನ್ನೊಂದು ಚಳಿಗಾಲವನ್ನು ಅವನು ಅಲ್ಲಿ ಕಳೆಯಲಾರ ಎಂದು ಬರುವ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಮನೆಗೆ ಬಂದರೆ ಅದೇ ಮುದ್ರೆಯ ಲಕೋಟೆ. ಅಧ್ಯಕ್ಷರ ಮನೆಯ ಬೆಕ್ಕು ಮರಿ ಹಾಕಿದ್ದು, ಮಗಳು ಹೊಸ ಕನ್ನಡಕ ಒಲ್ಲೆ ಎಂದದ್ದು. ನಾನು ಓದುತ್ತಿದ್ದೆ. ಉತ್ತರ ಬರೆಯುತ್ತಿದ್ದೆ. ಕಾಗದದ ಕೆಳಗೆ ಪ್ರತಿ ಸಲವೂ ಒಂದಷ್ಟು ಜಾಗ ಉಳಿಯುತ್ತಿತ್ತು. ಅದನ್ನು ನೋಡದ ಹಾಗೆ ಮಡಚುತ್ತಿದ್ದೆ. ಕೇಳಬಾರದೆಂಬ ದೊಡ್ಡ ತತ್ವ ನನಗೇನೂ ಇರಲಿಲ್ಲ. ಹಣ್ಣು ಹಿಡಿದು ಬಂದವರನ್ನು ಕಳಿಸಿದ ಬಾಗಿಲಲ್ಲಿ ನಾನೂ ನಿಲ್ಲುವುದು ಹೇಗೆಂದು ತಿಳಿಯುತ್ತಿರಲಿಲ್ಲ, ಅಷ್ಟೇ. ಅಷ್ಟು ಹೊತ್ತಿಗೆ ದಣಿವೂ ಆಗಿತ್ತು.

ಒಂದು ಸಂಜೆ ಉತ್ತರ ಹೇಳಿ ಬರೆಸುತ್ತಿದ್ದ ದೊಡ್ಡಮ್ಮ ನಡುವೆ ನಿಲ್ಲಿಸಿದರು.

"ನೀನು ರಾತ್ರಿ ನಿದ್ದೆ ಮಾಡಲ್ಲ," ಎಂದರು. "ನಾನು ಪೆಟ್ಟಿಗೆ ತೆಗೆದಾಗೆಲ್ಲ ನಿನ್ನ ಮಂಚ ಕಿರುಗುಟ್ಟುತ್ತೆ. ಯಾರಾದ್ರೂ ಬಂದ್ರು ಅಂದ್ಕೋತೀಯ."

ನಾನು ಬರೆದಷ್ಟರ ಮೇಲೆ ಶಾಯಿ ಆರಲೆಂದು ಊದಿದೆ.

"ಇನ್ನೊಂದು ಸಾಲು ಬರಿ. ನೀಲಕಂಠ ಅಂತ ಒಬ್ಬ ಮೇಷ್ಟ್ರು, ನನ್ನ ಮನೆ ಹುಡುಗ."

ಪೆನ್ನು ನಿಂತಿತು. "ಬೇಡ ದೊಡ್ಡಮ್ಮ."

"ಬೇಡ ಅನ್ನೋಕೆ ನೀನ್ಯಾರೇ? ಕಾಗದ ನಂದು."

"ಕೇಳಿದ ದಿನ ಅವರು ಅಧ್ಯಕ್ಷರ ಹೆಂಡತಿ ಆಗಿಬಿಡ್ತಾರೆ ಅಂತ ನೀವೇ ಅಂದಿದ್ರಿ."

"ಅಂದಿದ್ದೆ," ಎಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಎಲ್ಲರಿಗೂ ಆಗಿದ್ದಾಳೆ. ನನಗೊಬ್ಬಳಿಗೆ ಇನ್ನೆಷ್ಟು ದಿನ ಚಂದ್ರಿಯಾಗಿರ್ತಾಳೆ? ಬರಿ. ಹುಡುಗನಿಗೆ ಕೆಮ್ಮು ಅಂತಾನೂ ಬರಿ. ಕೆಮ್ಮು ಅಂದ್ರೆ ಅವಳಿಗೆ ತಡೆಯೋಕಾಗಲ್ಲ."

ನಾನು ಎರಡನೆಯ ಸಲ ಬೇಡ ಎನ್ನಲಿಲ್ಲ. ಬರೆದೆ.

ಆಮೇಲೆ ಬಹಳ ದಿನ ಕಾಗದ ಬರಲಿಲ್ಲ. ರಾತ್ರಿ ಪೆಟ್ಟಿಗೆ ಮೊದಲಿಗಿಂತ ಬೇಗ ತೆರೆದುಕೊಳ್ಳುತ್ತಿತ್ತು, ತಡವಾಗಿ ಮುಚ್ಚಿಕೊಳ್ಳುತ್ತಿತ್ತು. ದೊಡ್ಡಮ್ಮ ಹಗಲಲ್ಲಿ ಅದರ ಸುದ್ದಿ ಎತ್ತುತ್ತಿರಲಿಲ್ಲ. ಅಂಚೆಯವನ ಸೈಕಲ್ಲು ಬೀದಿಯ ತುದಿಯಲ್ಲಿ ತಿರುಗಿದರೆ ಮಾತ್ರ ಮಾತು ನಿಲ್ಲಿಸಿ ಕಿವಿ ಆ ಕಡೆ ಮಾಡುತ್ತಿದ್ದರು.

ಚಳಿ ಶುರುವಾಗುವ ಮೊದಲೇ ಒಂದು ಮಧ್ಯಾಹ್ನ ನೀಲಕಂಠ ಬಟ್ಟೆಯ ಚೀಲ ಹಿಡಿದು ಲೈಬ್ರರಿಯ ಬಾಗಿಲಲ್ಲಿ ನಿಂತಿದ್ದ. ಹೋಗು ಎಂದರಂತೆ. ಯಾಕೆ ಎಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ದೊಡ್ಡಮ್ಮ ಅವನ ತಲೆ, ಭುಜ, ಮುಂಗೈ ಎಲ್ಲ ತಡವಿ ನೋಡಿ, "ಕೋಳಿಮರಿ ಹಾಗಾಗಿದ್ದಾನೆ," ಎಂದು ಗಂಜಿಗೆ ತುಪ್ಪ ಹಾಕಿಸಿದರು.

ಅದೇ ವಾರ ಲಕೋಟೆ ಬಂತು. ದೊಡ್ಡಮ್ಮ ಅದನ್ನು ಕೆನ್ನೆಗೆ ಒತ್ತಿಕೊಂಡು ಆಮೇಲೆ ನನಗೆ ಕೊಟ್ಟರು. ನಾನು ಬಿಡಿಸಿದೆ. ಕೈಬರಹ ಚಂದ್ರಮತಿ ದೇವಿಯವರದೇ, ಎಂದಿನಂತೆ ಹಿಂಬದಿಯಲ್ಲಿ ಉಬ್ಬುವಷ್ಟು ಒತ್ತಿ ಬರೆದದ್ದು. ಆದರೆ ಮೊದಲ ಸಾಲಿನಲ್ಲೇ ನನ್ನ ಕಣ್ಣು ನಿಂತಿತು.

"ಶ್ರೀಮತಿ ಅಂಬುಜಾಕ್ಷಮ್ಮನವರಿಗೆ ವಂದನೆಗಳು. ತಾವು ಬರೆದ ಪತ್ರ ತಲುಪಿತು. ತಾವು ತಿಳಿಸಿದ ವಿಷಯವನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ. ತಾವು ಆರೋಗ್ಯ ನೋಡಿಕೊಳ್ಳಬೇಕಾಗಿ ಕೋರುತ್ತೇನೆ. ಇತಿ, ಚಂದ್ರಮತಿ ಇಂದುಧರ."

ಅಂಚಿನಲ್ಲಿ ಮಗಳ ನಮಸ್ಕಾರವಿರಲಿಲ್ಲ. ಸಿಟ್ಟಿನಿಂದ ಬರೆದರೋ, ಹೆದರಿ ಬರೆದರೋ, ಬರೆಯುವಾಗ ಹಿಂದೆ ಯಾರಾದರೂ ನಿಂತಿದ್ದರೋ, ಇಂದಿಗೂ ನನಗೆ ಗೊತ್ತಿಲ್ಲ.

"ಓದೇ," ಎಂದರು ದೊಡ್ಡಮ್ಮ. ಅವರ ಮುಖ ಕಿಟಕಿಯ ಕಡೆಗಿತ್ತು. ಆಗಲೇ ಅರ್ಧ ನಗುತ್ತಿದ್ದರು.

ನಾನು ಓದಿದೆ. "ಲೇ ಅಂಬು. ನೀನು ಬರೆದ ಕಾಗದ ತಲುಪಿತು. ನೀನು ಹೇಳಿದ ವಿಷಯವನ್ನು ಹೇಳಬೇಕಾದವರಿಗೆ ಹೇಳಿದ್ದೇನೆ. ನಿನ್ನ ಆರೋಗ್ಯ ನೋಡಿಕೊಳ್ಳೇ. ಇತಿ, ಚಂದ್ರಿ."

ಪದದಿಂದ ಪದಕ್ಕೆ ಹೋಗುವಾಗ ಪ್ರತಿಯೊಂದರ ಬಾಲವನ್ನೂ ನೋಡಿಕೊಳ್ಳಬೇಕಿತ್ತು. ಒಂದು 'ತಾವು' ಬಾಯಿಗೆ ಬಂದಿದ್ದರೂ ದೊಡ್ಡಮ್ಮನಿಗೆ ತಿಳಿದುಬಿಡುತ್ತಿತ್ತು. ಹೊಸ ಸುದ್ದಿ ಯಾವುದನ್ನೂ ನಾನು ಸೇರಿಸಲಿಲ್ಲ. ಬೆಕ್ಕಿನ ಮರಿಗಳ ಬಗ್ಗೆ ಒಂದು ಸಾಲು ನಾಲಗೆಯ ತುದಿಗೆ ಬಂದಿತ್ತು, ಬಿಟ್ಟೆ.

"ಇಷ್ಟೇನಾ?"

"ಇಷ್ಟೇ."

"ಹೊಟ್ಟೆ ಉಬ್ಬರ?"

"ಬರೆದಿಲ್ಲ."

"ಉಪ್ಪಿನಕಾಯಿ?"

"ಇಲ್ಲ ದೊಡ್ಡಮ್ಮ."

ಅವರು ಕೈ ಚಾಚಿ ಕಾಗದ ತೆಗೆದುಕೊಂಡು ತಿರುಗಿಸಿ, ಹಿಂಬದಿಯ ಉಬ್ಬುಗಳ ಮೇಲೆ ಬೆರಳಾಡಿಸಿದರು. ನಾನು ಆ ಬೆರಳನ್ನೇ ನೋಡುತ್ತಿದ್ದೆ. "ಅವಳದೇ ಕೈ," ಎಂದರು. "ಏನೋ ಅವಸರ ಪಾಪ. ಆದ್ರೂ ಲೇ ಅನ್ನೋದು ಬಿಟ್ಟಿಲ್ಲ ನೋಡು."

ಆ ಸಂಜೆಯೇ ಉತ್ತರ ಬರೆಸಿದರು. "ಲೇ ಚಂದ್ರೀ, ಹುಡುಗ ಬಂದ. ನಿನ್ನ ಹೊಟ್ಟೆ ತಣ್ಣಗಿರಲಿ. ಮುಂದಿನ ತಿಂಗಳು ಉಪ್ಪಿನಕಾಯಿ ಕಳಿಸ್ತೀನಿ, ನಿನ್ನ ಗಂಡನಿಗೆ ಒಂದೇ ಸಲಕ್ಕೆ ತಿನ್ನಬೇಡ ಅನ್ನು." ಪೆನ್ನು ಹಿಡಿದು ಯೋಚಿಸಿದೆ. ಇಲ್ಲಿಯೂ ಬಾಲಗಳನ್ನು ಬದಲಿಸುವುದು ನನ್ನ ಕೈಯಲ್ಲೇ ಇತ್ತು, ಅದೇ ಜಾಣತನವಾಗಿತ್ತೇನೋ. ಆದರೆ ಅದು ಅವರ ಮಾತು. ಹೇಳಿದ್ದನ್ನು ಹೇಳಿದ ಹಾಗೇ ಬರೆದೆ.

ಮರುದಿನ ಅಂಚೆಪೆಟ್ಟಿಗೆಯ ತನಕ ನೀಲಕಂಠ ಜೊತೆಗೆ ಬಂದ. ಬಂದಾಗಿನಿಂದ ಅವನು ಗೋಡೆಯ ಪಕ್ಕವೇ ನಡೆಯುತ್ತಿದ್ದ. ದಾರಿಯಲ್ಲಿ ಕೇಳಿದ: "ಅವರು ಏನು ಬರೆದಿದ್ದರು ಅಕ್ಕ? ನನ್ನ ದೆಸೆಯಿಂದ ದೊಡ್ಡಮ್ಮನವರಿಗೆ ಏನೂ ತೊಂದರೆ ಆಗಲಿಲ್ಲ ತಾನೆ? ನೀವು ನಿಜ ಹೇಳಿ."

ಅವನು ನನ್ನನ್ನು ಹುಟ್ಟಿದಾಗಿನಿಂದ ನೀವು ಎಂದವನಲ್ಲ. ಅವನಿಗದು ಗೊತ್ತಾದ ಹಾಗೂ ಕಾಣಲಿಲ್ಲ. ಹೇಳಿಬಿಡೋಣ ಎನ್ನಿಸಿತು, ಒಬ್ಬಳೇ ಹೊತ್ತು ಸಾಕಾಗಿತ್ತು. ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ದಾರಿಗೆ ಅಡ್ಡಲಾಗಿ ಒಂದು ಕರು ಮಲಗಿತ್ತು. ನೀಲಕಂಠ ಅದರ ಮುಂದೆ ನಿಂತು, ಯಾರದೋ ನಿದ್ದೆ ಕೆಡಿಸಲು ಹೆದರುವವನಂತೆ ಮೆಲ್ಲಗೆ, "ಸ್ವಲ್ಪ ಸರೀತೀರಾ," ಎಂದ.

"ಯಾವಾಗಲೂ ಬರೆಯೋ ಹಾಗೇ ಬರೆದಿದ್ದಾರೆ," ಎಂದೆ ನಾನು. ಇವನಿಗೆ ಹೇಳುವುದಿಲ್ಲ, ದೊಡ್ಡಮ್ಮನಿಗೂ ಇಲ್ಲ, ಯಾರಿಗೂ ಇಲ್ಲ ಎಂದು ಆಗ ನಿರ್ಧರಿಸಿದೆ.

ಕರು ಕಿವಿ ಆಡಿಸಿತು, ಏಳಲಿಲ್ಲ. ಅದು ಏಳುವ ತನಕ ನೀಲಕಂಠ ಕೈಕಟ್ಟಿ ನಿಂತಿದ್ದ. ಅವನ ಪಕ್ಕದಲ್ಲಿ ನಾನೂ ನಿಂತೆ.